ಹಟ ಬಿಡದ ದೊರೆ ಕ್ರಿಯಾನ್

ಸತ್ತವನಿಗೆ ಶಿಕ್ಷೆ ಕೊಡಲು ಸಾಧ್ಯವೇ? ಸಾಧ್ಯ ಎಂದು ನಂಬಿದ ಒಬ್ಬ ದೊರೆ ಒಂದೇ ಹಗಲಿನಲ್ಲಿ ಮಗನನ್ನೂ ಮಡದಿಯನ್ನೂ ಸೊಸೆಯಾಗಿ ಬರಬೇಕಿದ್ದ ಹುಡುಗಿಯನ್ನೂ ಕಳೆದುಕೊಂಡ. ಈ ಕಥೆಯನ್ನು ಗ್ರೀಸ್ ದೇಶದ ಅಥೆನ್ಸ್ ನಗರದ ಜನ ಸುಮಾರು ಎರಡೂವರೆ ಸಾವಿರ ವರ್ಷಗಳ ಹಿಂದೆ ರಂಗದ ಮೇಲೆ ಕಂಡರು. ನಾಟಕದ ಹೆಸರು ‘ಅಂತಿಗೊನೆ’. ಬರೆದವನು ಸೊಫೊಕ್ಲಿಸ್. ಕಾಲ ಕ್ರಿ.ಪೂ. 441ರ ಆಸುಪಾಸು. ನೂರಿಪ್ಪತ್ತಕ್ಕೂ ಹೆಚ್ಚು ನಾಟಕಗಳನ್ನು ರಚಿಸಿದ ಈ ಕವಿಯ ಕೃತಿಗಳಲ್ಲಿ ಪೂರ್ಣವಾಗಿ ಉಳಿದು ಬಂದಿರುವುದು ಏಳು ಮಾತ್ರ.

ನಾಟಕಕ್ಕೆ ಹೆಸರು ಕೊಟ್ಟವಳು ಈಡಿಪಸ್ ದೊರೆಯ ಮಗಳು ಅಂತಿಗೊನೆ. ಆದರೆ ಸುಮಾರು 1350 ಸಾಲುಗಳ ಈ ನಾಟಕದಲ್ಲಿ ಅವಳು 940ನೆಯ ಸಾಲಿನ ಹೊತ್ತಿಗೆ ರಂಗದಿಂದ ನಿರ್ಗಮಿಸುತ್ತಾಳೆ, ಮತ್ತೆ ಬರುವುದಿಲ್ಲ. ಉಳಿದ ನಾನೂರು ಸಾಲುಗಳು ಬಹುಪಾಲು ದೊರೆ ಕ್ರಿಯಾನನವು. ಆದ್ದರಿಂದ ಇದು ಯಾರ ದುರಂತ ಎಂಬ ಚರ್ಚೆ ವಿದ್ವಾಂಸರಲ್ಲಿ ಇಂದಿಗೂ ಮುಗಿದಿಲ್ಲ. ಅಂತಿಗೊನೆ ಏನು ಮಾಡುತ್ತಿದ್ದೇನೆಂದು ಅರಿತೇ ಸಾವಿಗೆ ನಡೆದವಳು. ಕ್ರಿಯಾನ್ ಹಾಗಲ್ಲ. ತನ್ನ ಮನೆಗೆ ತಾನೇ ಬೆಂಕಿ ಇಡುತ್ತಿದ್ದೇನೆಂಬುದು ಅವನಿಗೆ ತಿಳಿಯುವ ಹೊತ್ತಿಗೆ ಬೆಂಕಿ ಹತ್ತಿಯಾಗಿತ್ತು.

ಈಡಿಪಸ್ಸನ ಗಂಡುಮಕ್ಕಳಿಬ್ಬರು ಥೀಬ್ಸ್ ನಗರದ ಗದ್ದುಗೆಗಾಗಿ ಹೊಡೆದಾಡಿದರು. ಪಾಲಿನೈಸಸ್ ಆರ್ಗೋಸ್ ರಾಜ್ಯದ ಸೈನ್ಯವನ್ನು ಕರೆತಂದು ತನ್ನ ಊರಿನ ಮೇಲೇ ದಂಡೆತ್ತಿ ಬಂದ. ಇಟಿಯೊಕ್ಲೀಸ್ ಊರನ್ನು ಕಾದ. ಕೊನೆಗೆ ಅಣ್ಣತಮ್ಮಂದಿರು ಪರಸ್ಪರರ ಕೈಯಲ್ಲೇ ಸತ್ತರು. ರಾಜ್ಯ ಅವರ ತಾಯಿಯ ಸೋದರನಾದ ಕ್ರಿಯಾನನ ಪಾಲಿಗೆ ಬಂತು. ಅಂದರೆ ಅವನು ಅಂತಿಗೊನೆಗೆ ಸ್ವಂತ ಸೋದರಮಾವ. ಅವನ ಮಗ ಹೀಮನ್‌ಗೂ ಅವಳಿಗೂ ಮದುವೆ ನಿಶ್ಚಯವಾಗಿತ್ತು. ಕನ್ನಡದ ಓದುಗರಿಗೆ ಈ ನಂಟನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೊಸ ದೊರೆಯ ಮೊದಲ ಆಜ್ಞೆ: ಊರು ಕಾದವನಿಗೆ ಸಕಲ ಮರ್ಯಾದೆಯ ಅಂತ್ಯಕ್ರಿಯೆ, ಊರಿನ ಮೇಲೆ ಬಂದವನ ಹೆಣ ನಾಯಿ, ಹದ್ದುಗಳ ಪಾಲು. ಅದನ್ನು ಮಣ್ಣು ಮಾಡಿದವರಿಗೆ ಕಲ್ಲೇಟಿನ ಮರಣದಂಡನೆ.

ಇಲ್ಲಿ ಒಂದು ಮಾತು ಹೇಳಬೇಕು. ಕ್ರಿಯಾನ್ ಹುಟ್ಟಾ ದುಷ್ಟನಲ್ಲ. ದೇಶದ್ರೋಹಿಯನ್ನು ತಮ್ಮ ನೆಲದಲ್ಲಿ ಹೂಳಬಾರದೆಂಬ ಕಾನೂನು ಅಥೆನ್ಸಿನಲ್ಲೂ ಇತ್ತು. ಅಂತರ್ಯುದ್ಧದಿಂದ ಜರ್ಜರಿತವಾದ ಊರಿಗೆ ಗಟ್ಟಿ ಕೈ ಬೇಕೆಂದು ಅವನಿಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ರಾಜ್ಯವನ್ನು ಬಿರುಗಾಳಿಯಿಂದ ಪಾರಾಗಿ ಬಂದ ಹಡಗಿಗೆ ಹೋಲಿಸಿ, ನೆಂಟರಿಷ್ಟರಿಗಿಂತ ನಾಡು ದೊಡ್ಡದೆಂದು ಅವನು ಆಡುವ ಮೊದಲ ಭಾಷಣವನ್ನು ಕೇಳಿದರೆ ಎಂಥವರೂ ತಲೆದೂಗಬೇಕು. ಆದರೆ ಅಥೆನ್ಸಿನ ಕಾನೂನು ದ್ರೋಹಿಯ ಹೆಣವನ್ನು ಗಡಿಯ ಆಚೆ ಎಸೆಯಲು ಬಿಡುತ್ತಿತ್ತು. ಆಚೆ ಅವನ ಕಡೆಯವರು ಮಣ್ಣು ಮಾಡಬಹುದಿತ್ತು. ಕ್ರಿಯಾನ್ ಆ ಕಿಂಡಿಯನ್ನೂ ಮುಚ್ಚಿದ. ಹೆಣಕ್ಕೆ ಮಣ್ಣು ಬೀಳದಿದ್ದರೆ ಸತ್ತವನಿಗೆ ನೆಮ್ಮದಿಯಿಲ್ಲ, ಪಾತಾಳದ ದೇವತೆಗಳಿಗೆ ಸಲ್ಲಬೇಕಾದದ್ದು ಸಲ್ಲಲಿಲ್ಲ ಎಂಬುದು ಗ್ರೀಕರ ನಂಬಿಕೆ. ಒಂದು ಹಿಡಿ ಧೂಳು ಎರಚಿದರೂ ಶಾಸ್ತ್ರ ಸಂದಂತೆ. ಅಂತಿಗೊನೆ ಮಾಡಿದ್ದು ಅಷ್ಟೇ.

ಕಬ್ಬಿಣದ ಪಾಠ

ಯಾರೋ ಹೆಣದ ಮೇಲೆ ಮಣ್ಣು ಹಾಕಿದ್ದಾರೆಂದು ಕಾವಲುಗಾರ ನಡುಗುತ್ತಾ ಬಂದು ಹೇಳಿದಾಗ ಕ್ರಿಯಾನನಿಗೆ ಮೊದಲು ಹೊಳೆಯುವುದು ಲಂಚ. ತನ್ನನ್ನು ವಿರೋಧಿಸುವವರು ದುಡ್ಡಿಗಾಗಿ ಅಲ್ಲದೆ ಬೇರೆ ಕಾರಣಕ್ಕೆ ವಿರೋಧಿಸಬಹುದೆಂಬ ಊಹೆಯೂ ಅವನ ಬಳಿ ಸುಳಿಯದು. ಇದು ದೇವರ ಕೈವಾಡವಿರಬಹುದೇ ಎಂದು ಊರ ಹಿರಿಯರ ಮೇಳ ಮೆಲ್ಲಗೆ ಕೇಳಿದರೆ ಅವರ ಮೇಲೂ ಹಾಯುತ್ತಾನೆ.

ಅಂತಿಗೊನೆ ಸಿಕ್ಕಿಬಿದ್ದಾಗ, ದೇವರ ಕಟ್ಟಳೆ ದೊರೆಯ ಡಂಗುರಕ್ಕಿಂತ ಹಳೆಯದು ಎಂದು ಎದೆ ಸೆಟೆಸಿ ಉತ್ತರಿಸುತ್ತಾಳೆ. ಆಗ ಕ್ರಿಯಾನ್ ಕಮ್ಮಾರನ ಕುಲುಮೆಯ ಮಾತು ತೆಗೆಯುತ್ತಾನೆ. ಬೆಂಕಿಯಲ್ಲಿ ಕಾಸಿ ವಿಪರೀತ ಗಟ್ಟಿ ಮಾಡಿದ ಕಬ್ಬಿಣವೇ ಬೇಗ ಚೂರಾಗುವುದು ಎನ್ನುತ್ತಾನೆ. ಮಾತು ಲೋಹಶಾಸ್ತ್ರದ ದೃಷ್ಟಿಯಿಂದ ಸರಿ. ಕೆಂಪಗೆ ಕಾದ ಉಕ್ಕನ್ನು ತಟ್ಟನೆ ನೀರಿಗೆ ಅದ್ದಿದರೆ ಅದು ಬಹಳ ಗಟ್ಟಿಯಾಗುತ್ತದೆ, ಅಷ್ಟೇ ಪೆಡಸೂ ಆಗುತ್ತದೆ. ಪೆಟ್ಟು ಬಿದ್ದರೆ ಬಾಗದೆ ಬಿರಿಯುತ್ತದೆ. ಅದಕ್ಕೇ ಕಮ್ಮಾರರು ಮತ್ತೆ ಹದವಾಗಿ ಕಾಸಿ ಗಡಸನ್ನು ಸ್ವಲ್ಪ ಇಳಿಸುತ್ತಾರೆ. ದೊರೆಗೆ ಪಾಠ ಗೊತ್ತಿತ್ತು. ಅದು ಎದುರಿಗಿದ್ದ ಹುಡುಗಿಯ ವಿಷಯ ಮಾತ್ರ ಎಂದುಕೊಂಡಿದ್ದ.

ಮಗ ಹೀಮನ್ ಬಂದು ಜಗಳ ಆಡುವುದಿಲ್ಲ. ಮೊದಲು ತಂದೆಗೆ ತಕ್ಕ ಗೌರವದಿಂದಲೇ ಮಾತು ಆರಂಭಿಸುತ್ತಾನೆ. ನೆರೆ ಬಂದಾಗ ಬಾಗಿದ ಮರ ರೆಂಬೆಸಹಿತ ಉಳಿಯುತ್ತದೆ, ಸೆಟೆದದ್ದು ಬೇರುಸಹಿತ ಹೋಗುತ್ತದೆ ಎಂದು ನೆನಪಿಸುತ್ತಾನೆ. ಊರ ಜನ ಆ ಹುಡುಗಿಗಾಗಿ ಮರುಗುತ್ತಿದ್ದಾರೆ, ನಿಮ್ಮ ಮುಖ ಕಂಡು ಬಾಯಿ ಮುಚ್ಚಿಕೊಂಡಿದ್ದಾರೆ ಎಂಬ ಸುದ್ದಿಯನ್ನೂ ಮುಟ್ಟಿಸುತ್ತಾನೆ. ಇಡೀ ನಾಟಕದಲ್ಲಿ ದೊರೆಗೆ ಸಿಕ್ಕ ಅತ್ಯಂತ ಬೆಲೆಬಾಳುವ ಸುದ್ದಿ ಇದು, ಹೇಳಿದವನೂ ಹೊರಗಿನವನಲ್ಲ. ಕ್ರಿಯಾನನಿಗೆ ಕೇಳಿಸುವುದು ಒಂದೇ: ಚಿಕ್ಕವನು ದೊಡ್ಡವನಿಗೆ ಬುದ್ಧಿ ಹೇಳುತ್ತಿದ್ದಾನೆ, ಅದೂ ಹೆಣ್ಣಿನ ಪರವಾಗಿ. ನಾಡು ಆಳುವವನದೇ ಸೊತ್ತು ಎಂದು ಅವನು ವಾದಿಸಿದಾಗ, ಜನರಿಲ್ಲದ ಮರಳುಗಾಡಾದರೆ ನೀವು ಚೆನ್ನಾಗಿ ಆಳುತ್ತಿದ್ದಿರಿ ಎಂದು ಮಗ ಚುಚ್ಚುತ್ತಾನೆ. ಪ್ರಜಾಪ್ರಭುತ್ವದ ಅಥೆನ್ಸಿನಲ್ಲಿ ಈ ಮಾತು ಹೇಗೆ ನಾಟಿರಬೇಕು!

ಅಂತಿಗೊನೆಯನ್ನು ಜೀವಸಹಿತ ಕಲ್ಲಿನ ಗವಿಯಲ್ಲಿ ಮುಚ್ಚಲಾಗುತ್ತದೆ. ಒಳಗೆ ಒಂದಿಷ್ಟು ಆಹಾರ ಇಡುತ್ತಾರೆ. ಕೊಂದ ಪಾಪ ಊರಿಗೆ ತಟ್ಟಬಾರದೆಂಬ ಲೆಕ್ಕಾಚಾರ.

ತಪ್ಪಿದ ಸರದಿ

ಕುರುಡ ಕಾಲಜ್ಞಾನಿ ಟೈರೀಸಿಯಸ್ ಬರುವುದು ಆಮೇಲೆ. ಹಕ್ಕಿಗಳು ಹುಚ್ಚೆದ್ದು ಕಚ್ಚಾಡುತ್ತಿವೆ, ಹೋಮದ ಕೊಬ್ಬು ಉರಿಯದೆ ಕರಗಿ ಹೊಗೆಯಾಡುತ್ತಿದೆ, ನಾಯಿ ಹದ್ದುಗಳು ತಂದ ಹೆಣದ ಚೂರಿನಿಂದ ಬಲಿಪೀಠಗಳೆಲ್ಲ ಮೈಲಿಗೆಯಾಗಿವೆ ಎನ್ನುತ್ತಾನೆ. ತಪ್ಪು ಎಲ್ಲರೂ ಮಾಡುತ್ತಾರೆ, ತಿದ್ದಿಕೊಳ್ಳದವನು ಮಾತ್ರ ಮೂರ್ಖ ಎಂದೂ ತಿಳಿಹೇಳುತ್ತಾನೆ. ಉತ್ತರ ಮತ್ತೆ ಅದೇ: ಎಷ್ಟು ಲಂಚ ಸಿಕ್ಕಿತು? ರೇಗಿದ ಮುದುಕ ನಿನ್ನ ಮನೆಯಲ್ಲೇ ಹೆಣ ಬೀಳುತ್ತದೆ ಎಂದು ನುಡಿದು ಹೊರಡುತ್ತಾನೆ.

ಆಗ ಕ್ರಿಯಾನ್ ಬೆವೆತ. ಈ ಮುದುಕನ ಮಾತು ಎಂದೂ ಸುಳ್ಳಾಗಿಲ್ಲವೆಂದು ಹಿರಿಯರೂ ಅಂದರು. ಹುಡುಗಿಯನ್ನು ಬಿಡಿಸಿ, ಹೆಣಕ್ಕೆ ಗೋರಿ ಕಟ್ಟಿಸಿ ಎಂದು ಅವರು ಸ್ಪಷ್ಟವಾಗಿ ಹೇಳುತ್ತಾರೆ, ಈ ಸರದಿಯಲ್ಲೇ ಹೇಳುತ್ತಾರೆ. ಅವನು ಒಪ್ಪಿ ಓಡುತ್ತಾನೆ. ಆದರೆ ಮೊದಲು ಹೋದದ್ದು ಹೆಣದ ಬಳಿಗೆ. ಉಳಿದ ದೇಹವನ್ನು ತೊಳೆದು, ಸುಟ್ಟು, ಮೇಲೆ ದಿಬ್ಬ ಕಟ್ಟಿ, ಆನಂತರ ಗವಿಯತ್ತ ಬಂದ. ಒಳಗೆ ಅಂತಿಗೊನೆ ತನ್ನ ಸೆರಗಿನಲ್ಲೇ ನೇಣು ಹಾಕಿಕೊಂಡಿದ್ದಳು. ಅವಳನ್ನು ತಬ್ಬಿ ಕೂತಿದ್ದ ಹೀಮನ್ ತಂದೆಯ ಮೇಲೆ ಕತ್ತಿ ಬೀಸಿದ. ಏಟು ತಪ್ಪಿತು. ಅದೇ ಕತ್ತಿಯನ್ನು ತನ್ನ ಪಕ್ಕೆಗೆ ಇರಿದುಕೊಂಡ. ಜೀವವಿದ್ದವಳ ಕಡೆಗೆ ಮೊದಲು ಹೋಗಿದ್ದರೆ ಅವಳು ಉಳಿಯುತ್ತಿದ್ದಳೇ? ಸೊಫೊಕ್ಲಿಸ್ ಉತ್ತರ ಕೊಡುವುದಿಲ್ಲ. ಸುದ್ದಿ ಕೇಳಿದ ರಾಣಿ ಯೂರಿಡಿಸಿ ಒಂದು ಮಾತೂ ಆಡದೆ ಒಳಗೆ ಹೋಗಿ, ಗಂಡನನ್ನು ಶಪಿಸುತ್ತಾ ಪ್ರಾಣ ಬಿಟ್ಟಳು. ಸಾವುಗಳೊಂದೂ ರಂಗದ ಮೇಲೆ ನಡೆಯುವುದಿಲ್ಲ. ದೂತರು ಬಂದು ವರದಿ ಹೇಳುತ್ತಾರೆ. ಕ್ರಿಯಾನ್ ಮಾತ್ರ ಸಾಯುವುದಿಲ್ಲ.

ಇಂಥ ದೊರೆಗಳ ದೋಷವನ್ನು ಹೇಳಲು ‘ಹ್ಯೂಬ್ರಿಸ್’ ಎಂಬ ಗ್ರೀಕ್ ಪದವನ್ನು ಬಳಸುವ ರೂಢಿಯಿದೆ. ಅದನ್ನು ಬರಿಯ ಗರ್ವ ಎಂದು ಅನುವಾದಿಸಿದರೆ ಅರ್ಧ ಸೋರಿಹೋಗುತ್ತದೆ. ಅಥೆನ್ಸಿನಲ್ಲಿ ಅದು ಮೊಕದ್ದಮೆ ಹೂಡಬಹುದಾದ ಅಪರಾಧವಾಗಿತ್ತು: ತನ್ನ ಬಲದ ಸುಖಕ್ಕಾಗಿ ಇನ್ನೊಬ್ಬನ ಮಾನ ಕಳೆಯುವುದು. ಅರಿಸ್ಟಾಟಲ್ ಹೇಳುವ ‘ಹಮಾರ್ತಿಯ’ ಬೇರೆ. ಅದರ ಮೂಲದಲ್ಲಿರುವುದು ಗುರಿ ತಪ್ಪಿದ ಬಾಣದ ಕಲ್ಪನೆ. ಕ್ರಿಯಾನನಲ್ಲಿ ಎರಡೂ ಸೇರಿದ್ದವು. ಆದರೂ ಅವನನ್ನು ಕೆಡಿಸಿದ್ದು ಮೊದಲ ತಪ್ಪಿಗಿಂತ, ಅದನ್ನು ಹಿಂತೆಗೆದುಕೊಂಡರೆ ಮುಖಭಂಗವಾದೀತೆಂಬ ಅಂಜಿಕೆ.

ಕನ್ನಡದಲ್ಲಿ ಗ್ರೀಕ್ ರುದ್ರನಾಟಕಕ್ಕೆ ದಾರಿ ತೋರಿದವರು ಬಿ.ಎಂ.ಶ್ರೀ. ಸೊಫೊಕ್ಲಿಸನ ‘ಏಜಾಕ್ಸ್’ ಅವರ ಕೈಯಲ್ಲಿ ‘ಅಶ್ವತ್ಥಾಮನ್’ ಆಯಿತು. ‘ಅಂತಿಗೊನೆ’ಯನ್ನು ಕನ್ನಡಕ್ಕೆ ತಂದವರು ಪಿ. ಲಂಕೇಶ್.

ದಕ್ಷಿಣ ಆಫ್ರಿಕದ ರಾಬೆನ್ ದ್ವೀಪದ ಸೆರೆಮನೆಯಲ್ಲಿ ರಾಜಕೀಯ ಕೈದಿಗಳು ಇದೇ ನಾಟಕ ಆಡಿದ್ದರು. ಅನ್ಯಾಯದ ಕಾನೂನನ್ನು ಮುರಿದ ಅಂತಿಗೊನೆ ಅವರಿಗೆ ತಮ್ಮವಳೇ ಆಗಿದ್ದಳು. ನೆಲ್ಸನ್ ಮಂಡೇಲಾ 1994ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಇದನ್ನು ನೆನೆದಿದ್ದಾರೆ. ಅಧಿಕಾರಕ್ಕೆ ಬಂದಾಗ ಕ್ರಿಯಾನ್ ಪ್ರಾಮಾಣಿಕ, ದೇಶಪ್ರೇಮಿ. ಯಾರ ಮಾತಿಗೂ ಕಿವಿಗೊಡದೆ ಹೋದದ್ದು ಆಮೇಲೆ ಎಂಬುದು ಅವರ ಗ್ರಹಿಕೆ. ಸೆರೆಮನೆಯ ಆ ಪ್ರಯೋಗದಲ್ಲಿ ದೊರೆಯ ಪಾತ್ರ ವಹಿಸಿದ್ದವರು ಅವರೇ.