ದುಡಿದವರ ಹಣಕ್ಕೆ ಡಿಸೆಂಬರ್ ಗಡುವು

ಅಮೆರಿಕದ ಕಂಪನಿಗಳ ನೌಕರರು ವರ್ಷದ ಕೊನೆಯ ತಿಂಗಳುಗಳಲ್ಲಿ ಒಂದು ಅಂದಾಜು ಹಾಕಬೇಕು: ಬರುವ ವರ್ಷ ಮನೆಯವರ ಹಲ್ಲು, ಕಣ್ಣು, ಔಷಧಿಗೆ ಕೈಯಿಂದ ಎಷ್ಟು ಖರ್ಚಾದೀತು? ಆ ಮೊತ್ತವನ್ನು ತೆರಿಗೆ ಹಿಡಿಯುವ ಮೊದಲೇ ಸಂಬಳದಿಂದ ಕಂತಿನಲ್ಲಿ ಮುರಿದುಕೊಂಡು ಫ್ಲೆಕ್ಸಿಬಲ್ ಸ್ಪೆಂಡಿಂಗ್ ಅಕೌಂಟ್, ಅಂದರೆ ಎಫ್‌ಎಸ್‌ಎಗೆ ಹಾಕುತ್ತಾರೆ. 2025ರಲ್ಲಿ ಒಬ್ಬರ ಮಿತಿ 3,300 ಡಾಲರ್. ತೆರಿಗೆ ಉಳಿಯುತ್ತದೆ, ನಿಜ. ಆದರೆ ಅಂದಾಜು ತಪ್ಪಿ ಹಣ ಮಿಕ್ಕರೆ ಅದು ಕಂಪನಿಯ ವಶಕ್ಕೆ ಹೋಗುತ್ತದೆ.

ಈ ವ್ಯವಸ್ಥೆಗೆ ಬುನಾದಿ 1978ರ ತೆರಿಗೆ ಕಾಯಿದೆ. ‘ಬಳಸು, ಇಲ್ಲವೇ ಬಿಡು’ ಎಂಬ ಕಟ್ಟಳೆ ಸೇರಿದ್ದು 1984ರಲ್ಲಿ. ವಿಮೆಯಲ್ಲಿ ಇರುವಂತೆ ಇಲ್ಲೂ ನಷ್ಟದ ಸಾಧ್ಯತೆ ಇರಲಿ, ಇದು ತೆರಿಗೆ ತಪ್ಪಿಸುವ ಉಳಿತಾಯ ಖಾತೆ ಆಗದಿರಲಿ ಎಂಬುದು ತೆರಿಗೆ ಇಲಾಖೆಯ ವಾದ. ನೌಕರರ ಕಡೆಗೂ ಒಂದು ಅನುಕೂಲವಿದೆ: ಕಂತು ಪೂರ್ತಿ ಕಟ್ಟುವ ಮೊದಲೇ, ವರ್ಷದ ಮೊದಲ ದಿನದಿಂದ ಇಡೀ ಮೊತ್ತ ಬಳಸಬಹುದು. ಬಳಸಿದವರು ನಡುವೆ ಕೆಲಸ ಬಿಟ್ಟರೆ ಕಂಪನಿ ವಸೂಲಿ ಮಾಡುವಂತಿಲ್ಲ.

ಬಿಗಿ ಸಡಿಲಾದದ್ದು ನಿಧಾನವಾಗಿ. 2005ರಲ್ಲಿ ಎರಡೂವರೆ ತಿಂಗಳ ಹೆಚ್ಚುವರಿ ಅವಧಿಗೆ ಒಪ್ಪಿಗೆ ಸಿಕ್ಕಿತು; 2013ರಲ್ಲಿ 500 ಡಾಲರ್‌ವರೆಗೆ ಮುಂದಿನ ವರ್ಷಕ್ಕೆ ಒಯ್ಯಲು. 2025ರ ಖಾತೆಯಿಂದ 660 ಡಾಲರ್‌ವರೆಗೆ ಒಯ್ಯಬಹುದು. ಕಂಪನಿ ಇವೆರಡರಲ್ಲಿ ಒಂದನ್ನಷ್ಟೇ ಕೊಡಬಹುದು; ಎರಡನ್ನೂ ಕೊಡದಿರಲೂಬಹುದು. ಚೀಟಿಯಿಲ್ಲದೆ ಕೊಳ್ಳುವ ನೋವಿನ ಮಾತ್ರೆ ಪಟ್ಟಿಗೆ ಮರಳಿದ್ದು, ಸ್ಯಾನಿಟರಿ ಪ್ಯಾಡ್‌ಗಳು ಸೇರಿದ್ದು 2020ರಲ್ಲಿ, ಕೊರೊನಾ ಕಾಲದ ಕಾಯಿದೆಯಿಂದ.

ಹೀಗಾಗಿ ಡಿಸೆಂಬರ್‌ನಲ್ಲಿ ಜನ ಬ್ಯಾಂಡೇಜು, ಥರ್ಮಾಮೀಟರು, ಸನ್‌ಸ್ಕ್ರೀನ್ ಬಾಚಿಕೊಳ್ಳುತ್ತಾರೆ. ಅವರದು ತಪ್ಪೆನ್ನಲಾರೆ. ಆದರೆ ಮುಂದೂಡಿದ ಚಿಕಿತ್ಸೆ ಹಾಗೇ ಉಳಿದು ಕಪಾಟು ಮಾತ್ರ ತುಂಬಿದರೆ ಆರೋಗ್ಯಕ್ಕೆಂದು ಎತ್ತಿಟ್ಟ ಹಣ ಆರೋಗ್ಯಕ್ಕೆ ಒದಗಲಿಲ್ಲ. ಇಲ್ಲಿ ಅನೇಕರು ಎಡವುವ ನಿಯಮ ಒಂದಿದೆ: ಲೆಕ್ಕಕ್ಕೆ ಬರುವುದು ಚಿಕಿತ್ಸೆ ನಡೆದ ತಾರೀಖು, ದುಡ್ಡು ಕಟ್ಟಿದ ತಾರೀಖಲ್ಲ. ಕಂಪನಿ ಹೆಚ್ಚುವರಿ ಅವಧಿಯನ್ನಾಗಲಿ ಮುಂದಕ್ಕೆ ಒಯ್ಯುವ ಅವಕಾಶವನ್ನಾಗಲಿ ಕೊಡದಿದ್ದರೆ, ಜನವರಿಯ ರೂಟ್ ಕೆನಾಲ್‌ಗೆ ಡಿಸೆಂಬರ್‌ನಲ್ಲೇ ಮುಂಗಡ ಕಟ್ಟಿದರೂ ಹಳೆಯ ವರ್ಷದ ಹಣ ಸಿಗದು. ಹಲ್ಲಿನ ತಂತಿಯ ಚಿಕಿತ್ಸೆಗೆ ಮಾತ್ರ ವಿನಾಯಿತಿ ಇದೆ. ಅದೇ ಡಿಸೆಂಬರ್‌ನಲ್ಲಿ ಮುಗಿದ ಚಿಕಿತ್ಸೆಯ ಬಿಲ್ಲನ್ನು ಹೊಸ ವರ್ಷದಲ್ಲೂ ಸಲ್ಲಿಸಲು ಬಹುತೇಕ ಕಂಪನಿಗಳು ಒಂದಿಷ್ಟು ಕಾಲಾವಕಾಶ ಕೊಡುತ್ತವೆ.

ಅಮೆರಿಕದ ಕನ್ನಡಿಗರಿಗೆ ಇದರಲ್ಲಿ ಇನ್ನೂ ಒಂದು ವಿಷಯವಿದೆ. ರಜೆಗೆ ಊರಿಗೆ ಬಂದಾಗ ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಮಾಡಿಸಿಕೊಂಡ ಹಲ್ಲಿನ ಚಿಕಿತ್ಸೆಗೂ ಹೊಸ ಕನ್ನಡಕಕ್ಕೂ ಈ ಹಣ ಸಲ್ಲುತ್ತದೆ. ರೋಗಿಯ ಹೆಸರು, ಚಿಕಿತ್ಸೆ, ತಾರೀಖು, ಮೊತ್ತ ಬಿಡಿಬಿಡಿಯಾಗಿ ಬರೆದ ಬಿಲ್ ಬೇಕು. ‘ಒಟ್ಟು ಇಷ್ಟು’ ಎಂಬ ಚೀಟಿ ನಡೆಯದು. ಇಲ್ಲಿಂದ ಕಟ್ಟಿಕೊಂಡು ಹೋದ ಮಾತ್ರೆಗಳಿಗೆ ಸಲ್ಲುವುದಿಲ್ಲ. ಊರಲ್ಲೇ ಇರುವ ಅಪ್ಪ ಅಮ್ಮನ ಔಷಧಿಗೂ ಇಲ್ಲ. ಭಾರತದ ಪೌರರಾಗಿ ಭಾರತದಲ್ಲೇ ವಾಸಿಸುವ ತಂದೆತಾಯಿಯನ್ನು ಅಮೆರಿಕದ ತೆರಿಗೆ ಕಾನೂನು ಅವಲಂಬಿತರೆಂದು ಒಪ್ಪುವುದಿಲ್ಲ. ಕೆಲಸ ಹೋದರಂತೂ ಗಡುವು ಡಿಸೆಂಬರ್‌ವರೆಗೂ ಕಾಯುವುದಿಲ್ಲ. ಸಾಮಾನ್ಯವಾಗಿ ನೌಕರಿಯ ಜೊತೆಗೇ ಖಾತೆಯೂ ಮುಚ್ಚುತ್ತದೆ.

ಮಿಕ್ಕ ಹಣವೆಲ್ಲ ಅಲಕ್ಷ್ಯದಿಂದ ಮಿಕ್ಕದ್ದಲ್ಲ. ರಜೆ ಸಿಗದವರು, ಡಾಕ್ಟರ ಸಮಯ ಸಿಗದವರು, ದೇವರ ದಯೆಯಿಂದ ಕಾಯಿಲೆ ಬೀಳದವರು, ಎಲ್ಲರೂ ಕಳೆದುಕೊಳ್ಳುತ್ತಾರೆ. ಆ ಹಣವನ್ನು ಕಂಪನಿ ಖಾತೆಗಳ ನಿರ್ವಹಣೆಗೆ ಬಳಸಬಹುದು, ನೌಕರರಿಗೆಲ್ಲ ಹಂಚಲೂಬಹುದು. ಹಂಚುವುದನ್ನು ಕಡ್ಡಾಯ ಮಾಡದಿರುವುದು ಈ ಕಾನೂನಿನ ದೊಡ್ಡ ಅನ್ಯಾಯ.

ಅದನ್ನು ತಿದ್ದುವವರೆಗೆ, ಎಫ್‌ಎಸ್‌ಎ ಇರುವವರು ತಮ್ಮ ಕಂಪನಿಯ ನಿಯಮವನ್ನು ಎಚ್‌ಆರ್ ವಿಭಾಗದಲ್ಲಿ ಈ ವಾರವೇ ಕೇಳಿ ತಿಳಿದುಕೊಳ್ಳಲಿ. ಮಿಕ್ಕ ಹಣವನ್ನು ಮೊದಲು ನೋಯುವ ಹಲ್ಲಿಗೆ, ಮಂಜಾಗುವ ಕಣ್ಣಿಗೆ ಖರ್ಚು ಮಾಡಲಿ. ಮುಂದಿನ ವರ್ಷಕ್ಕೆ, ಖಂಡಿತ ಬರುವ ಖರ್ಚಿನಷ್ಟನ್ನೇ ಬರೆಯಿಸಲಿ.