ನಂಬಿಕೆ ಬೇರೆ, ತಿಳಿವಳಿಕೆ ಬೇರೆ

ಸತ್ತ ಮೇಲೆ ಏನು? ಕಠೋಪನಿಷತ್ತಿನಲ್ಲಿ ಹುಡುಗ ನಚಿಕೇತ ಈ ಪ್ರಶ್ನೆಯನ್ನು ಸಾಕ್ಷಾತ್ ಯಮನಿಗೇ ಹಾಕುತ್ತಾನೆ. ಯಮ ತಟ್ಟನೆ ಉತ್ತರಿಸುವುದಿಲ್ಲ. ದೇವತೆಗಳಿಗೂ ಈ ಸಂಶಯವಿತ್ತು, ಬೇರೆ ವರ ಕೇಳು ಎನ್ನುತ್ತಾನೆ. ಹುಡುಗ ಹಟ ಬಿಡದಿದ್ದಾಗಲೇ ಉಪದೇಶ.

'ಇದು ನಿಮಗೆ ಹೇಗೆ ಗೊತ್ತು?' ಎಂದು ನಮ್ಮ ದರ್ಶನಕಾರರೂ ಕೇಳಿದ್ದಾರೆ. ಆ 'ಹೇಗೆ' ಎಂಬುದಕ್ಕೆ ಪ್ರಮಾಣವೆಂದು ಹೆಸರು. ಚಾರ್ವಾಕರು ಪ್ರತ್ಯಕ್ಷವನ್ನಷ್ಟೇ ನೆಚ್ಚಿ ಪರಲೋಕವನ್ನು ತಳ್ಳಿಹಾಕಿದರು. ಉಡುಪಿಯ ಮಧ್ವಾಚಾರ್ಯರು ಪ್ರತ್ಯಕ್ಷ, ಅನುಮಾನ, ಆಗಮ ಎಂಬ ಮೂರನ್ನು ಒಪ್ಪಿದರು. ಇಂದ್ರಿಯಕ್ಕೆ ಎಟುಕದ ವಿಷಯಕ್ಕೆ ಅವರಿಗೆ ಆಗಮವೇ ಆಧಾರ.

ಆದರೆ ಆಗಮವನ್ನು ಒಪ್ಪದವರಿಗೆ ಅದು ಸಾಕ್ಷಿಯಾಗದು. ಉಪನಿಷತ್ತುಗಳು ಪುನರ್ಜನ್ಮ ಎಂದರೆ, ಕುರಾನ್ ಮತ್ತು ಬೈಬಲ್ ಕೊನೆಯ ತೀರ್ಪಿನ ದಿನದ ಮಾತಾಡುತ್ತವೆ. ಮುಂಬಯಿ, ಹೈದರಾಬಾದಿನ ಒಂದೇ ಕಟ್ಟಡದಲ್ಲಿ ಈ ಮೂರನ್ನೂ ನಂಬುವವರು ಅಕ್ಕಪಕ್ಕ ಇದ್ದಾರೆ. ಎಲ್ಲರ ನಂಬಿಕೆಯೂ ಅಷ್ಟೇ ಗಟ್ಟಿ. ಗಟ್ಟಿಯಾಗಿ ನಂಬಿದ್ದೇ ನಿಜವಾಗುವುದಾದರೆ ಎಲ್ಲವೂ ಒಟ್ಟಿಗೆ ನಿಜವಾಗಬೇಕಿತ್ತು.

ಹಾಗೆಂದು ತಿಥಿ, ಮಹಾಲಯ ಬಿಡಬೇಕಿಲ್ಲ. ಹಿರಿಯರನ್ನು ನೆನೆಯಲು ಪರಲೋಕದ ವಿಳಾಸ ಗೊತ್ತಿರಬೇಕಾಗಿಲ್ಲ. ಆದರೆ ಸಾವಿನ ಮನೆಗೆ ಬಂದು, 'ಆತ್ಮಕ್ಕೆ ಶಾಂತಿ ಸಿಕ್ಕಿಲ್ಲ, ಈ ಹೋಮಕ್ಕೆ ಇಷ್ಟು ಸಾವಿರವಾಗುತ್ತದೆ' ಎಂದು ಕಂಡವರಂತೆ ಹೇಳುವವರ ಮುಂದೆ ಈ ವ್ಯತ್ಯಾಸ ನೆನಪಿರಲಿ.

ಮಕ್ಕಳು "ಅಜ್ಜ ಈಗ ಎಲ್ಲಿದ್ದಾರೆ?" ಎಂದು ಕೇಳಿದರೆ, "ದೇವರ ಹತ್ತಿರ ಇದ್ದಾರೆ ಅಂತ ನಾವು ನಂಬಿದ್ದೇವೆ" ಎನ್ನೋಣ. ಭಕ್ತಿಯೂ ಉಳಿಯುತ್ತದೆ, ಮಗುವಿಗೆ ಯೋಚಿಸಲು ಜಾಗವೂ ಉಳಿಯುತ್ತದೆ.