ಲೇಟೆಕ್ ಅಕ್ಷರಜೋಡಣೆಯಲ್ಲಿ ಪ್ಯಾಕೇಜುಗಳ ಪತ್ತೆ: ವಚನಪಾಠ ಅಚ್ಚು ಮಾಡಿಸುವವರಿಗೆ ಒಂದು ವಿವರಣೆ

ಸೀಸದ ಮೊಳೆಗಳನ್ನು ಜೋಡಿಸಿ ಪುಸ್ತಕ ಅಚ್ಚು ಹಾಕುತ್ತಿದ್ದ ಕಾಲದಲ್ಲಿ, ಅಚ್ಚುಕೂಟದಲ್ಲಿ ಯಾವ ಅಕ್ಷರವಿದೆ, ಯಾವುದಿಲ್ಲ ಎಂಬುದನ್ನು ಪ್ರತ್ಯೇಕವಾಗಿ ವಿಚಾರಿಸುವ ಅವಶ್ಯಕತೆ ಇರಲಿಲ್ಲ. ಮೊಳೆ ಜೋಡಿಸುವವನ ಕೈ ಖಾನೆಗೆ ಹೋದಾಗ ಅದು ಬರಿದಾಗಿದ್ದರೆ ಆ ಕ್ಷಣವೇ ಆತನಿಗೆ ಗೊತ್ತಾಗುತ್ತಿತ್ತು. ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿ, 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದ ಸಂಗತಿಯನ್ನು ವಚನಸಾಹಿತ್ಯದ ವಿದ್ಯಾರ್ಥಿಗಳು ಬಲ್ಲರು. ಸ್ವಂತ ಮುದ್ರಣಾಲಯವಿದ್ದವರಿಗೆ ಮೊಳೆ, ಕಾಗದ, ಕರಡಚ್ಚು ಎಲ್ಲವೂ ಕಣ್ಣೆದುರಿಗೇ ಇರುತ್ತವೆ. ಇಂದು ಅಚ್ಚುಕೂಟವೇ ಗಣಕಯಂತ್ರದ ಒಳಗೆ ಸೇರಿಕೊಂಡಿದೆ. ಖಾನೆಗಳು ಕಣ್ಣಿಗೆ ಕಾಣುವುದಿಲ್ಲ. ಆದುದರಿಂದ ಅವುಗಳಲ್ಲಿ ಏನಿದೆಯೆಂಬುದನ್ನು ಯಂತ್ರವನ್ನೇ ಕೇಳಿ ತಿಳಿಯಬೇಕಾಗಿದೆ. ಈ ಕೇಳುವ ಕ್ರಮವನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಡೊನಾಲ್ಡ್ ಕನೂತ್ ಎಂಬ ಅಮೇರಿಕದ ಗಣಿತಜ್ಞರು ತಮ್ಮ ಗ್ರಂಥವೊಂದರ ಹೊಸ ಆವೃತ್ತಿಯ ಕರಡಚ್ಚು ಅಂದಗೆಟ್ಟು ಬಂದುದನ್ನು ಕಂಡು, 1977ರಲ್ಲಿ ಅಕ್ಷರಜೋಡಣೆಯ ವ್ಯವಸ್ಥೆಯೊಂದನ್ನು ತಾವೇ ರಚಿಸಲು ತೊಡಗಿದರು. ಅದೇ ‘ಟೆಕ್’. ಅದರ ಮೇಲೆ ಲೆಸ್ಲಿ ಲ್ಯಾಂಪೋರ್ಟ್ ಅವರು 1980ರ ದಶಕದಲ್ಲಿ ಕಟ್ಟಿದ ಸುಲಭರೂಪವೇ ‘ಲೇಟೆಕ್’. ಇದರಲ್ಲಿ ಗ್ರಂಥಕರ್ತನು ಪಾಠದ ಜೊತೆಗೆ ಆಜ್ಞೆಗಳನ್ನು ಬರೆಯುತ್ತಾನೆ. ಯಂತ್ರವು ಆ ಕಡತವನ್ನು ಓದಿ ಪುಟಗಳನ್ನು ಕಟ್ಟಿಕೊಡುತ್ತದೆ. ಅಡಿಟಿಪ್ಪಣಿಗೆ ಒಂದು, ಅಕಾರಾದಿಗೆ ಒಂದು, ಕನ್ನಡಕ್ಕೆ ಒಂದು ಹೀಗೆ ಬೇರೆ ಬೇರೆ ಕೆಲಸಗಳಿಗೆ ಬೇರೆ ಬೇರೆ ಜನ ಬರೆದಿಟ್ಟಿರುವ ಆಜ್ಞೆಗಳ ಕಟ್ಟುಗಳಿಗೆ ‘ಪ್ಯಾಕೇಜು’ ಎಂದು ಹೆಸರು. ಇಂಥವು ಸಾವಿರಾರು ಇವೆ. ಎಲ್ಲವೂ ಎಲ್ಲ ಯಂತ್ರಗಳಲ್ಲಿ ಇರುವುದಿಲ್ಲ. ಪೂರ್ಣ ಸಂಗ್ರಹವು ಹಲವು ಗಿಗಾಬೈಟುಗಳಷ್ಟಾಗುವುದರಿಂದ ಅನೇಕರು ಚಿಕ್ಕ ಸಂಗ್ರಹದಲ್ಲೇ ತೃಪ್ತಿಪಡುತ್ತಾರೆ. ಕನ್ನಡದಲ್ಲಿ ಈ ವ್ಯವಸ್ಥೆಯ ಬಳಕೆ ಹೊಸದೇನಲ್ಲ. ಶ್ರೀರಂಗಪಟ್ಟಣದ ಶ್ರೀರಂಗ ಡಿಜಿಟಲ್ ಸಂಸ್ಥೆಯವರು ಟೆಕ್ ಮೂಲಕ ಕನ್ನಡ ಪುಸ್ತಕಗಳ ಅಕ್ಷರಜೋಡಣೆ ಮಾಡುತ್ತ ಬಂದಿದ್ದಾರೆ.

ತೊಡಕು ಹುಟ್ಟುವುದು ಕಡತವು ಊರಿಂದೂರಿಗೆ ಹೋದಾಗ. ಹುಮನಾಬಾದಿನ ಮನೆಯೊಂದರಲ್ಲಿ ಕುಳಿತು ಒಬ್ಬರು ವಚನಪಾಠವನ್ನು ಸಿದ್ಧಪಡಿಸಿದರೆಂದು ಇಟ್ಟುಕೊಳ್ಳೋಣ. ತಿದ್ದುಪಡಿಗೂ ಕೊನೆಯ ಪುಟಕಟ್ಟಿಗೂ ಅದು ಬಸವಕಲ್ಯಾಣದ ಮತ್ತೊಂದು ಯಂತ್ರಕ್ಕೆ ಹೋಗುತ್ತದೆ. ನಮ್ಮ ಬೀದರ ಜಿಲ್ಲೆಯ ಪುಸ್ತಕವೆಂದರೆ ಕನ್ನಡವೊಂದೇ ಇರುವುದು ಅಪರೂಪ. ಮರಾಠಿಯ ಉಲ್ಲೇಖ ಬರುತ್ತದೆ. 1956ಕ್ಕೆ ಮುಂಚಿನ ಹೈದರಾಬಾದು ಸಂಸ್ಥಾನದ ಕಾಗದಪತ್ರಗಳನ್ನು ಕೊಡಬೇಕಾದಲ್ಲಿ ಉರ್ದುವೂ ಬರುತ್ತದೆ. ಈ ಮೂರು ಭಾಷೆಗಳನ್ನೂ ‘ಪಾಲಿಗ್ಲಾಸಿಯಾ’ ಎಂಬ ಪ್ಯಾಕೇಜು ನಿರ್ವಹಿಸಬಲ್ಲುದು. ಆದರೆ ‘ಜೀಟೆಕ್’ ಎಂಬ ಯಂತ್ರಾಂಶದಲ್ಲಿ ಉರ್ದುವನ್ನು ಬಲದಿಂದ ಎಡಕ್ಕೆ ಜೋಡಿಸಲು ಅದು ‘ಬಿಡಿ’ ಎಂಬ ಮತ್ತೊಂದು ಪ್ಯಾಕೇಜನ್ನು ಕರೆಯುತ್ತದೆ. ಗ್ರಂಥಕರ್ತನು ಕರೆದುದು ಒಂದನ್ನು, ಬೇಕಾದುದು ಎರಡು. ಎರಡನೆಯದು ಕಲ್ಯಾಣದ ಯಂತ್ರದಲ್ಲಿ ಇಲ್ಲದಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಕಡತ ಸಿಗಲಿಲ್ಲವೆಂಬ ಒಂದು ಸಾಲು ಪರದೆಯ ಮೇಲೆ ಮೂಡುತ್ತದೆ.

ಹೀಗೆ ನಿಲ್ಲುವುದು ದೋಷವಲ್ಲ, ಉಪಕಾರ. ಈ ಮಾತಿಗೆ ಕಾರಣವನ್ನು ಮುಂದೆ ಹೇಳುತ್ತೇನೆ.

ಯಂತ್ರವು ಪ್ಯಾಕೇಜನ್ನು ಹುಡುಕುವ ರೀತಿಯನ್ನು ಮೊದಲು ತಿಳಿಯಬೇಕು. ‘ಟೆಕ್ ಲೈವ್’ ಸಂಗ್ರಹದಲ್ಲಿ ‘ಎಲ್‌ಎಸ್-ಆರ್’ ಎಂಬ ಸೂಚಿಯೊಂದಿದೆ, ಗ್ರಂಥಾಲಯದ ಪುಸ್ತಕಪಟ್ಟಿಯಿದ್ದಂತೆ. ಯಂತ್ರವು ಕಪಾಟುಗಳನ್ನೆಲ್ಲ ತಡಕದೆ ಈ ಪಟ್ಟಿಯನ್ನೇ ನೋಡುತ್ತದೆ. ಆದ್ದರಿಂದ ಹೊಸ ಪ್ಯಾಕೇಜನ್ನು ಮುಖ್ಯ ಸಂಗ್ರಹದೊಳಗೆ ಕೈಯಾರೆ ತಂದಿಟ್ಟು ಪಟ್ಟಿಯನ್ನು ನವೀಕರಿಸದಿದ್ದರೆ, ವಸ್ತು ಮನೆಯಲ್ಲಿದ್ದೂ ‘ಇಲ್ಲ’ ಎಂಬ ಉತ್ತರವೇ ಬರುತ್ತದೆ. ಪಟ್ಟಿಯನ್ನು ಹೊಸದಾಗಿ ಬರೆಯಿಸುವ ಆಜ್ಞೆ ‘ಎಂಕೆಟೆಕ್‌ಎಲ್‌ಎಸ್‌ಆರ್’. ಒಂದು ಕಡತ ಎಲ್ಲಿದೆಯೆಂದು ಕೇಳುವ ಆಜ್ಞೆ ‘ಕೆಪಿಎಸ್‌ಇವಿಚ್’. ಕಲ್ಯಾಣದವರು ಪುಟ ಕಟ್ಟಲು ಕೂಡುವ ಮುಂಚೆ ಈ ಎರಡನೆಯ ಆಜ್ಞೆಯಿಂದ ಬೇಕಾದ ಹೆಸರುಗಳನ್ನು ಒಂದೊಂದಾಗಿ ಕೇಳಿದರೆ ಅರ್ಧ ತೊಂದರೆ ಅಲ್ಲಿಗೇ ನೀಗುತ್ತದೆ.

ಮನುಷ್ಯನು ಕೇಳುವ ಬದಲು ಕಡತವೇ ಕೇಳುವ ಉಪಾಯವೂ ಇದೆ. ಲೇಟೆಕ್‌ನಲ್ಲಿ ‘ಇಫ್‌ಫೈಲ್‌ಎಗ್ಸಿಸ್ಟ್ಸ್’ ಎಂಬ ಆಜ್ಞೆಯುಂಟು. ಇಂಥ ಹೆಸರಿನ ಕಡತವಿದ್ದರೆ ಹೀಗೆ ಮಾಡು, ಇಲ್ಲದಿದ್ದರೆ ಹಾಗೆ ಮಾಡು ಎಂದು ಅದಕ್ಕೆ ಹೇಳಬಹುದು. ‘ಲಿಕ್ಸ್’ ಎಂಬ ತಂತ್ರಾಂಶವು ಇದನ್ನೇ ದೊಡ್ಡ ಪ್ರಮಾಣದಲ್ಲಿ ಮಾಡುತ್ತದೆ. ಅದರಲ್ಲಿ ‘ರೀಕಾನ್ಫಿಗರ್’ ಎಂಬಲ್ಲಿ ಒತ್ತಿದರೆ, ತನಗೆ ಪರಿಚಯವಿರುವ ಪ್ಯಾಕೇಜುಗಳ ಹೆಸರುಗಳನ್ನೆಲ್ಲ ಲೇಟೆಕ್‌ನಿಂದಲೇ ಪರೀಕ್ಷಿಸಿ, ಸಿಕ್ಕಿದ್ದು ಯಾವುದು, ಸಿಗದ್ದು ಯಾವುದು ಎಂಬ ವರದಿಯನ್ನು ಸಿದ್ಧಪಡಿಸುತ್ತದೆ. ಹೊಸ ಪ್ಯಾಕೇಜು ತಂದ ಮೇಲೆ ಮತ್ತೊಮ್ಮೆ ಒತ್ತಬೇಕು. ಇಲ್ಲವಾದರೆ ಹಳೆಯ ವರದಿಯೇ ಉಳಿದಿರುತ್ತದೆ. ‘ಮಿಕ್‌ಟೆಕ್’ ಎಂಬ ಸಂಗ್ರಹವು ಇನ್ನೂ ಮುಂದೆ ಹೋಗಿ, ಇಲ್ಲದ ಪ್ಯಾಕೇಜನ್ನು ಅಂತರಜಾಲದಿಂದ ತಾನೇ ತಂದುಕೊಳ್ಳುತ್ತದೆ. ಜಾಲಸಂಪರ್ಕ ಚೆನ್ನಾಗಿದ್ದಲ್ಲಿ ಇದು ಸುಖವೇ. ಅದನ್ನೇ ನಂಬಿ ಪುಸ್ತಕ ಬಿಡುಗಡೆಯ ಹಿಂದಿನ ದಿನ ಕೆಲಸಕ್ಕೆ ಕೂಡುವುದನ್ನು ಮಾತ್ರ ನಾನು ಯಾರಿಗೂ ಸಲಹೆ ಮಾಡಲಾರೆ.

ಇಲ್ಲಿ ಓದುಗರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕಡತದ ಹೆಸರು ಸಿಕ್ಕ ಮಾತ್ರಕ್ಕೆ ಬೇಕಾದ ವಸ್ತು ಸಿಕ್ಕಿತೆಂದು ಅರ್ಥವಲ್ಲ. ವಚನದಲ್ಲಿ ಅಂಕಿತವಿದ್ದ ಮಾತ್ರಕ್ಕೆ ಅದು ಆ ಶರಣರದೇ ಎಂದು ವಿದ್ವಾಂಸರು ಒಪ್ಪುತ್ತಾರೆಯೆ? ಓಲೆಪ್ರತಿಯ ಕಾಲವನ್ನು ನೋಡುತ್ತಾರೆ, ಪಾಠಾಂತರಗಳನ್ನು ಹೋಲಿಸುತ್ತಾರೆ. ಪ್ಯಾಕೇಜಿನದೂ ಇದೇ ಕಥೆ. ಪ್ರತಿಯೊಂದು ಪ್ಯಾಕೇಜಿನ ಆರಂಭದಲ್ಲಿ ಅದರ ಹೆಸರೂ ದಿನಾಂಕವೂ ಬರೆದಿರುತ್ತವೆ. ಪ್ಯಾಕೇಜನ್ನು ಕರೆಯುವಾಗ ಇಂಥ ದಿನಾಂಕಕ್ಕಿಂತ ಹಳೆಯದಾಗಿರಕೂಡದು ಎಂದು ಸೂಚಿಸಬಹುದು. ಹಳೆಯದಿದ್ದರೆ ಲೇಟೆಕ್ ಎಚ್ಚರಿಕೆ ಕೊಡುತ್ತದೆ, ಆದರೆ ನಿಲ್ಲುವುದಿಲ್ಲ. ಇದಲ್ಲದೆ ‘ಲಿಸ್ಟ್‌ಫೈಲ್ಸ್’ ಎಂಬ ಒಂದೇ ಪದದ ಆಜ್ಞೆಯನ್ನು ಕಡತದ ತಲೆಯಲ್ಲಿ ಬರೆದರೆ, ಆ ಪುಸ್ತಕಕ್ಕೆ ಬಳಕೆಯಾದ ಎಲ್ಲ ಕಡತಗಳ ಹೆಸರು, ದಿನಾಂಕಗಳು ದಾಖಲೆಯ ಕಡತದ ಕೊನೆಯಲ್ಲಿ ಪಟ್ಟಿಯಾಗಿ ಬರುತ್ತವೆ. ಹುಮನಾಬಾದಿನ ಪಟ್ಟಿಯನ್ನೂ ಕಲ್ಯಾಣದ ಪಟ್ಟಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವುದೆಂದರೆ ಎರಡು ಓಲೆಪ್ರತಿಗಳನ್ನು ಹೋಲಿಸಿದಂತೆಯೇ. ಪಾಠಸಂಪಾದನೆ ಬಲ್ಲವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಇನ್ನು ಫಾಂಟಿನ ವಿಚಾರ. ನನ್ನ ದೃಷ್ಟಿಯಲ್ಲಿ ಇದೇ ಮುಖ್ಯವಾದುದು.

ಫಾಂಟು ಯಂತ್ರದಲ್ಲಿದೆಯೆ ಎಂದು ಕೇಳಲು ‘ಫಾಂಟ್‌ಸ್ಪೆಕ್’ ಪ್ಯಾಕೇಜಿನಲ್ಲಿ ಆಜ್ಞೆಯುಂಟು. ಆದರೆ ಫಾಂಟು ಇದ್ದೂ ಅದರಲ್ಲಿ ಒಂದು ಅಕ್ಷರ ಇಲ್ಲದಿರಬಹುದು. ಹಳಗನ್ನಡದ ಱ, ೞ ಎಂಬ ಎರಡು ಅಕ್ಷರಗಳು ಇಂದಿನ ಬರವಣಿಗೆಯಲ್ಲಿಲ್ಲ. ಶಾಸನಪಾಠದಲ್ಲಿ, ಪ್ರಾಚೀನ ಕಾವ್ಯದಲ್ಲಿ, ಶಾಸ್ತ್ರೀಯ ಆವೃತ್ತಿಗಳಲ್ಲಿ ಅವು ಬೇಕೇ ಬೇಕು. ‘ಅಱಿ’ ಎಂದರೆ ತಿಳಿ, ‘ಅರಿ’ ಎಂದರೆ ಕತ್ತರಿಸು. ‘ಆೞ್’ ಎಂದರೆ ಮುಳುಗು, ‘ಆಳ್’ ಎಂದರೆ ಆಳ್ವಿಕೆ ಮಾಡು. ಶರಣರ ಸಾಹಿತ್ಯದ ತಿರುಳಾದ ‘ಅರಿವು’ ಎಂಬ ಪದದ ಹಳೆಯ ರೂಪ ‘ಅಱಿವು’. ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಈ ಅಕ್ಷರಗಳ ವಿಚಾರಕ್ಕೆ ಅಷ್ಟೊಂದು ಜಾಗ ಕೊಟ್ಟುದು ಸುಮ್ಮನೆ ಅಲ್ಲ. ಯೂನಿಕೋಡಿನಲ್ಲಿ ಎರಡಕ್ಕೂ ಸ್ಥಾನವುಂಟು: ಱ ಅಕ್ಷರಕ್ಕೆ 3249, ೞ ಅಕ್ಷರಕ್ಕೆ 3294. ಎರಡನೆಯದಕ್ಕೆ ಯೂನಿಕೋಡಿನವರು ‘ಫ’ ಎಂಬರ್ಥದ ತಪ್ಪು ಹೆಸರನ್ನಿಟ್ಟು, ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದಾಗಿ ಸರಿಯಾದ ಹೆಸರನ್ನು ಪರ್ಯಾಯವಾಗಿ ಮಾತ್ರ ಸೇರಿಸಿದ್ದಾರೆ. ನಾಮಕರಣದ ಈ ವಿನೋದ ಹಾಗಿರಲಿ.

ಫಾಂಟಿನಲ್ಲಿ ಅಕ್ಷರವಿಲ್ಲದಿದ್ದಾಗ ಟೆಕ್ ವ್ಯವಸ್ಥೆಯು ಪ್ಯಾಕೇಜು ಸಿಗದಿದ್ದಾಗ ನಿಂತಂತೆ ನಿಲ್ಲುವುದಿಲ್ಲ. ಮುಂದಕ್ಕೆ ಹೋಗುತ್ತದೆ. ಅಕ್ಷರವಿರಬೇಕಾದ ಜಾಗದಲ್ಲಿ ಖಾಲಿ ಚೌಕವೊಂದು ಬೀಳುತ್ತದೆ, ಅಥವಾ ಏನೂ ಬೀಳುವುದಿಲ್ಲ. ‘ಅಱಿವು’ ಎಂಬಲ್ಲಿ ನಡುವಿನ ಅಕ್ಷರವೇ ಮಾಯವಾಗಬಹುದು. ಬಹುಕಾಲ ಈ ಸುದ್ದಿ ದಾಖಲೆಯ ಕಡತದಲ್ಲಿ ಒಂದು ಸಾಲಾಗಿ ಮಾತ್ರ ಅಡಗಿರುತ್ತಿತ್ತು. ಅದನ್ನು ಓದುವವರು ವಿರಳ. 2021ರಿಂದ ಲೇಟೆಕ್ ಇದನ್ನು ಪರದೆಯ ಮೇಲೂ ತೋರಿಸುತ್ತದೆ. ‘ಟ್ರೇಸಿಂಗ್‌ಲಾಸ್ಟ್‌ಚಾರ್ಸ್’ ಎಂಬುದರ ಬೆಲೆಯನ್ನು 3 ಎಂದು ಬರೆದಿಟ್ಟರೆ, ಅದೇ ವರ್ಷದಿಂದೀಚಿನ ಟೆಕ್ ಲೈವ್ ಇಂಥ ಲೋಪವನ್ನು ತಪ್ಪೆಂದೇ ಪರಿಗಣಿಸಿ ನಿಲ್ಲುತ್ತದೆ. ವಚನಪಾಠ ಅಚ್ಚು ಮಾಡಿಸುವವರು ಈ ಒಂದು ಸಾಲನ್ನು ತಪ್ಪದೆ ಬರೆದಿಡಬೇಕೆಂಬುದು ನನ್ನ ಆಗ್ರಹದ ಸೂಚನೆ.

ಮುಂಚಿತವಾಗಿಯೇ ಕೇಳುವ ಆಜ್ಞೆಯೂ ಉಂಟು: ‘ಇಫ್‌ಫಾಂಟ್‌ಚಾರ್’. ಇದಕ್ಕೆ 3249 ಎಂದೋ 3294 ಎಂದೋ ಸಂಖ್ಯೆ ಕೊಟ್ಟರೆ ಆ ಫಾಂಟಿನಲ್ಲಿ ಆ ಅಕ್ಷರ ಉಂಟೋ ಇಲ್ಲವೋ ಹೇಳುತ್ತದೆ. ಒತ್ತಕ್ಷರದ ಮಾತು ಬಂದಾಗ ಮಾತ್ರ ಇದು ಮೂಕವಾಗುತ್ತದೆ. ಅಕ್ಷರವಿದ್ದೂ ಅದರ ಒತ್ತು ಇಲ್ಲದ ಫಾಂಟುಗಳಿರಬಹುದು. ಲಿಪಿ ಕನ್ನಡವೆಂದು ಫಾಂಟಿನ ಆಜ್ಞೆಯಲ್ಲಿ ತಿಳಿಸದಿದ್ದರಂತೂ ಇರುವ ಒತ್ತುಗಳೂ ಕೂಡದೆ ಬಿಡಿಬಿಡಿಯಾಗಿ ನಿಲ್ಲುತ್ತವೆ. ಇದನ್ನು ಕಣ್ಣಿನಿಂದಲೇ ನೋಡಬೇಕು, ಅನ್ಯ ಮಾರ್ಗವಿಲ್ಲ.

ಪ್ಯಾಕೇಜು ಇಲ್ಲದಿದ್ದರೆ ಬೇರೊಂದರಿಂದ ಕೆಲಸ ಸಾಗಿಸು ಎಂದು ಕಡತಕ್ಕೆ ಕಲಿಸುವುದು ಜಾಣತನವೆಂದು ಹಲವರ ಅಭಿಪ್ರಾಯ. ಬಣ್ಣ, ಚೌಕಟ್ಟು, ಅಂಚಿನ ಅಲಂಕಾರ ಮುಂತಾದವುಗಳ ಮಟ್ಟಿಗೆ ನಾನೂ ಇದನ್ನು ಒಪ್ಪುತ್ತೇನೆ. ಅಕ್ಷರದ ವಿಷಯದಲ್ಲಿ, ಪದವನ್ನು ಸಾಲಿನ ಕೊನೆಯಲ್ಲಿ ಒಡೆಯುವ ನಿಯಮದ ವಿಷಯದಲ್ಲಿ ಒಪ್ಪಲಾರೆ. ಕನ್ನಡದ ಪದವಿಭಜನೆಯ ನಿಯಮಗಳು ಪ್ರತ್ಯೇಕ ಪ್ಯಾಕೇಜಿನಲ್ಲಿವೆ. ಅದಿಲ್ಲದ ಯಂತ್ರದಲ್ಲಿ ಉದ್ದವಾದ ಸಮಾಸಪದಗಳು ಒಡೆಯದೆ ಅಂಚನ್ನು ದಾಟುತ್ತವೆ, ಸಾಲುಗಳು ಬದಲಾಗುತ್ತವೆ, ಸಾಲಿನೊಂದಿಗೆ ಪುಟವೂ ಬದಲಾಗುತ್ತದೆ. ಹುಮನಾಬಾದಿನ ಕರಡಚ್ಚಿನಲ್ಲಿ 41ನೆಯ ಪುಟದಲ್ಲಿದ್ದ ವಚನ ಕಲ್ಯಾಣದ ಪ್ರತಿಯಲ್ಲಿ 42ಕ್ಕೆ ಹೋದರೆ, ಕರಡಚ್ಚು ನೋಡಿ ಪುಟ, ಸಾಲುಗಳ ಸಂಖ್ಯೆ ಹಾಕಿ ಬರೆದ ತಿದ್ದುಪಡಿಗಳೆಲ್ಲ ತಪ್ಪಿದ ದಾರಿ ಹಿಡಿಯುತ್ತವೆ. ಬದಲಿ ವ್ಯವಸ್ಥೆ ಮಾಡಲೇಬೇಕಾದಲ್ಲಿ, ಬದಲಿಯಾಯಿತೆಂಬ ಮಾತು ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಮೂಡುವಂತೆ ಆಜ್ಞೆ ಬರೆಯಬೇಕು. ಅಂತಿಮ ಪ್ರತಿಯಲ್ಲಿ ಅದನ್ನು ತೆಗೆದರಾಯಿತು.

ತಿದ್ದುಪಡಿಯೇ ಇಲ್ಲದ ಸಿದ್ಧಪ್ರತಿಯಾದರೆ ಇಷ್ಟೆಲ್ಲ ಶ್ರಮ ಬೇಡ. ಫಾಂಟುಗಳನ್ನು ಒಳಗೊಂಡ ಪಿಡಿಎಫ್ ಕಡತವನ್ನೇ ಕಳುಹಿಸಿದರೆ ಕಲ್ಯಾಣದ ಯಂತ್ರದಲ್ಲಿ ಲೇಟೆಕ್ ಇಲ್ಲದಿದ್ದರೂ ನಡೆಯುತ್ತದೆ. ತಿದ್ದುಪಡಿ ಉಳಿದಿದ್ದರೆ ಮಾತ್ರ ಮೂಲಕಡತದೊಡನೆ ಮೂರು ವಸ್ತುಗಳು ಹೋಗಬೇಕು: ಲಿಸ್ಟ್‌ಫೈಲ್ಸ್ ಕೊಟ್ಟ ಪಟ್ಟಿ, ಹಂಚಲು ಪರವಾನಗಿಯಿರುವ ಫಾಂಟಿನ ಕಡತ, ಮತ್ತು ಒಂದು ಪರೀಕ್ಷಾಪುಟ. ಪರೀಕ್ಷಾಪುಟದಲ್ಲಿ ಹೆಚ್ಚೇನೂ ಬೇಡ. ‘ಅಱಿವು’, ‘ತೊಱೆ’, ‘ಬಾೞ್’, ‘ಪೊೞಲ್’ ಎಂಬ ಪದಗಳು, ಱ ಅಕ್ಷರದ ಒತ್ತಿರುವ ಒಂದು ಪದ, ಎರಡು ಸಾಲು ಮರಾಠಿ, ಒಂದು ಸಾಲು ಉರ್ದು, ಸಾಲು ತುಂಬುವಷ್ಟು ಉದ್ದದ ಎರಡು ಮೂರು ಸಮಾಸಗಳು ಸಾಕು. ಕಲ್ಯಾಣದವರು ಮೊದಲು ಅದೊಂದನ್ನೇ ಕಟ್ಟಿ, ಕಾಗದದ ಮೇಲೆ ತೆಗೆದು, ಹುಮನಾಬಾದಿನ ಪುಟದ ಮೇಲಿಟ್ಟು ಬೆಳಕಿಗೆ ಹಿಡಿಯಲಿ. ಸಾಲಿಗೆ ಸಾಲು ಕೂಡಿದ ಮೇಲೆ ಪುಸ್ತಕದ ಕಡತವನ್ನು ತೆರೆಯಬಹುದು.